ಚಾಂದಿಗೆ ಕೊಟ್ಟ ಅರ್ಧ ಮಾತ್ರೆ

ಮುಂಡರಗಿಯ ಒಂದು ಔಷಧಿ ಅಂಗಡಿಯಲ್ಲಿ ಜಾಸ್ಮಿನ ಆರು ವರ್ಷದಿಂದ ಕೆಲಸ ಮಾಡುತ್ತಿದ್ದಳು. ನೆಗಡಿ, ಮೈಕೈ ನೋವು ಬಂದರೆ ಓಣಿಯವರು ಡಾಕ್ಟರಿಗಿಂತ ಮೊದಲು ಅವಳನ್ನೇ ಕೇಳುತ್ತಿದ್ದರು. ಹಾಗಾಗಿ ಅತ್ತೆ ಅಮೀನಬಿಯ ಬಿಳಿ ಬೆಕ್ಕು ಚಾಂದಿ ಬೇರೆ ಬೆಕ್ಕಿನೊಡನೆ ಕಾದಾಡಿ, ಕಾಲು ಕಚ್ಚಿಸಿಕೊಂಡು ಬಂದು ಜ್ವರದಿಂದ ಮಲಗಿದಾಗ ಅವಳು ಯಾರನ್ನೂ ಕೇಳಲಿಲ್ಲ. ಅರ್ಧ ಪ್ಯಾರಾಸಿಟಮಾಲ್ ಪುಡಿಮಾಡಿ ಹಾಲಿನಲ್ಲಿ ಕಲಸಿ ಅದರ ಬಾಯಿಗೆ ಹನಿಸಿದಳು. ಅತ್ತೆ ಆಗ ಸಂತೆಗೆ ಹೋಗಿದ್ದಳು.

ಮರುದಿನ ಬೆಳಿಗ್ಗೆ ಚಾಂದಿಯ ಮುಖ ಊದಿಕೊಂಡಿತ್ತು. ಬಾಯಿ ತೆರೆದು ಉಸಿರೆಳೆಯುತ್ತಿತ್ತು. ಉಚ್ಚೆ ಹಾಲಿಲ್ಲದ ಚಹಾದಂತೆ ಕಪ್ಪಗಿತ್ತು. ಅತ್ತೆ ಸೊಸೆ ಅದನ್ನು ಬುಟ್ಟಿಯಲ್ಲಿ ಮಲಗಿಸಿಕೊಂಡು ಗದಗದ ಬಸ್ಸು ಹತ್ತಿದರು.

ಪಶುವೈದ್ಯ ಶಿವಯೋಗಿ ಬೆಕ್ಕಿನ ತುಟಿ ಎತ್ತಿ ನೋಡಿದರು. ಒಸಡು ಕಂದಿಹೋಗಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

“ರಕ್ತ ಕೆಟ್ಟೈತಿ, ಕಮ್ಮೀನೂ ಆಗೈತಿ. ಮನ್ಯಾಗ ಏನರ ಮಾತ್ರಿ ಕೊಟ್ಟೀರೇನ್ರಿ?”

“ಔಷಧದ ಕೆಲಸ ನಮ್ಮ ಸೊಸೀದರಿ ಸಾಹೇಬ್ರ, ಎಲ್ಲಾ ಬಲ್ಲಾಕಿ. ಆಕೀನ್ನ ಕೇಳ್ರಿ,” ಎಂದಳು ಅಮೀನಬಿ. ಆ ಹೊತ್ತಿನಲ್ಲೂ ಅವಳ ದನಿಯಲ್ಲಿ ಹೆಮ್ಮೆಯಿತ್ತು.

“ಏನೂ ಕೊಟ್ಟಿಲ್ರಿ,” ಎಂದಳು ಜಾಸ್ಮಿನ.

ಹಾಗಿದ್ದರೆ ಚಿಗಟದಿಂದ ಬಂದ ರಕ್ತದ ಸೋಂಕಿರಬೇಕು ಎಂದುಕೊಂಡು ವೈದ್ಯರು ಅದಕ್ಕೆ ಚಿಕಿತ್ಸೆ ಶುರುಮಾಡಿದರು. ಎರಡು ತಾಸು ಕಳೆಯಿತು. ಹೊರಗೆ ಕುಳಿತಿದ್ದ ಜಾಸ್ಮಿನಳಿಗೆ ಚಾಂದಿಯ ನರಳಾಟ ಕ್ಷೀಣಿಸುತ್ತ ಹೋಗುವುದು ಕೇಳಿಸುತ್ತಿತ್ತು. ಅತ್ತೆ ನಳದ ಹತ್ತಿರ ಹೋದದ್ದೇ ತಡ, ಅವಳು ಒಳಗೆ ಬಂದಳು.

“ಸರ್, ಸುಳ್ಳು ಹೇಳಿದ್ನಿರಿ. ನಿನ್ನೆ ಸಂಜಿಮುಂದ ಅರ್ಧ ಪ್ಯಾರಾಸಿಟಮಾಲ್ ಕೊಟ್ಟೀನಿ.”

ವೈದ್ಯರು ಚೀಟಿ ಎಳೆದುಕೊಂಡರು. “ಆ ಮಾತ್ರಿ ಬೆಕ್ಕಿಗೆ ವಿಷ ಇದ್ದಂಗವ್ವಾ. ಕರಗಿಸೋ ಶಕ್ತಿ ಅದಕ್ಕಿಲ್ಲ. ರಕ್ತದ ಕಣ ಒಡೀತಾವು, ಉಳಿದಾವು ಉಸಿರು ಹೊರೂದಿಲ್ಲ. ಮುಂಜಾನೇನ ಹೇಳಿದ್ರ...” ಮಾತು ಅಲ್ಲಿಗೇ ಬಿಟ್ಟು, ಆ ವಿಷ ಇಳಿಸುವ ಒಂದು ಚುಚ್ಚುಮದ್ದಿನ ಹೆಸರು ಬರೆದುಕೊಟ್ಟರು. ಅದನ್ನು ಜಾಸ್ಮಿನ ತಾನೇ ಎಷ್ಟೋ ಸಲ ಮಾರಿದ್ದಳು. ಮೂರು ಅಂಗಡಿ ಅಲೆದು ತಂದಳು. ಅಷ್ಟರಲ್ಲಿ ವೈದ್ಯರ ಫೋನಿಗೆ ಓಗೊಟ್ಟು, ಆಸ್ಪತ್ರೆಯ ಪಕ್ಕದ ಬೀದಿಯ ಶೈಲಾ ರಕ್ತ ಕೊಡಿಸಲು ತನ್ನ ದಪ್ಪ ಗಂಡುಬೆಕ್ಕನ್ನು ಎತ್ತಿಕೊಂಡು ಬಂದಿದ್ದಳು. ಎರಡರ ರಕ್ತವೂ ಹೊಂದಿತು. ಶೈಲಾಳ ಬೆಕ್ಕಿನ ರಕ್ತ ಹನಿಹನಿಯಾಗಿ ಚಾಂದಿಯ ಮೈಗಿಳಿಯಿತು.

ಸ್ವಲ್ಪ ಹೊತ್ತು ಒಸಡಿನಲ್ಲಿ ಕೆಂಪು ಕಂಡಿತು. ಅಮೀನಬಿ ಹೆಸರು ಹಿಡಿದು ಕರೆದರೆ ಕಿವಿ ಅಲುಗಿತು. ಸಂಜೆ ಐದಕ್ಕೆ ಉಸಿರು ನಿಂತಿತು.

ಆಸ್ಪತ್ರೆಯ ಮೆಟ್ಟಿಲ ಮೇಲೆ, ಬುಟ್ಟಿಯನ್ನು ನಡುವೆ ಇಟ್ಟುಕೊಂಡು, ಜಾಸ್ಮಿನ ಅತ್ತೆಗೆ ಎಲ್ಲವನ್ನೂ ಹೇಳಿದಳು. ಅಮೀನಬಿ ಬೈಯಲಿಲ್ಲ, ಅಳಲೂ ಇಲ್ಲ.

“ಗೊತ್ತಿಲ್ದ ಕೊಟ್ಟಿ, ಅದು ಇರ್ಲಿ ಬೇಟಿ,” ಎಂದಳು ಕೊನೆಗೆ. “ಡಾಕ್ಟರ್ ಕೇಳಿದಾಗ ಯಾಕ ಮುಚ್ಚಿಟ್ಟಿ?”

“ನಿಮ್ಮ ಮುಂದ ಸಣ್ಣಾಕಿ ಆಗ್ತೀನಿ ಅಂತ ಅಂಜಿದ್ನಿರಿ, ಅಮ್ಮಾ.”

ಅಮೀನಬಿ ಬುಟ್ಟಿ ಎತ್ತಿಕೊಂಡಳು. ಜಾಸ್ಮಿನ ಕೈ ಚಾಚಿದರೂ ಕೊಡಲಿಲ್ಲ. ಬಸ್ಸಿನಲ್ಲಿ ಸೊಸೆಯ ಪಕ್ಕದ ಸೀಟು ಖಾಲಿ ಇದ್ದರೂ ಮುಂದೆ ಹೋಗಿ, ಗುರುತಿಲ್ಲದ ಹೆಂಗಸಿನ ಪಕ್ಕ ಕುಳಿತಳು.