ಜಯಪ್ರಿಯಾ ಮುಚ್ಚಿಟ್ಟ ಗಾಯ

ತೊಡೆಯ ಮೇಲೆ ಸಣ್ಣ ಸಣ್ಣ ಕುಳಿ ಬೀಳುವುದು ಹೆಂಗಸರಿಗೆ ಹೊಸದಲ್ಲ. ಸೀರೆಯೊಳಗೆ, ಚೂಡಿದಾರದೊಳಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಜಯಪ್ರಿಯಾಳ ಕೆಲಸ ಬೇರೆ ಥರದ್ದು. ತಮಿಳುನಾಡಿನ ಕುನ್ನತ್ತೂರಿನಿಂದ ದಿನಾ ವ್ಯಾನಿನಲ್ಲಿ ತಿರುಪ್ಪೂರಿಗೆ ಹೋಗಿ, ಒಂದು ಬನಿಯನ್ ಕಂಪನಿಯ ಸ್ಯಾಂಪಲ್ ವಿಭಾಗದಲ್ಲಿ ಹೊಲಿಯುತ್ತಿದ್ದಳು. ವಿದೇಶಕ್ಕೆ ಕಳಿಸುವ ಉಡುಪು ಮೈಗೆ ಸರಿಯಾಗಿ ಕೂರುತ್ತದೋ ಇಲ್ಲವೋ ಎಂದು ನೋಡಲು, ಅಳತೆ ಹೊಂದುವ ಹುಡುಗಿಯರಿಗೇ ತೊಡಿಸುತ್ತಿದ್ದರು. ಹೆಂಗಸರಷ್ಟೇ ಇರುವ ಕೋಣೆ. ಹೊಸ ಬಟ್ಟೆ ತೊಟ್ಟು ಕನ್ನಡಿ ಮುಂದೆ ನಿಲ್ಲುವುದು ಅವಳಿಗೆ ಇಷ್ಟವಾಗಿತ್ತು.

ಒಂದು ದಿನ ಅರ್ಧ ಚಡ್ಡಿ ತೊಟ್ಟು ನಿಂತಾಗ ಜೊತೆಯ ಗೋಕಿಲಾ ಬಗ್ಗಿ ನೋಡಿದಳು.

“ಏನ್ ಜಯಾ, ತೊಡೆ ಎಲ್ಲಾ ಇಷ್ಟು ಕುಳಿ ಕುಳಿಯಾ ಇದೆ!”

ಕೋಣೆಯಲ್ಲಿದ್ದವರು ನಕ್ಕರು. ಕೆಟ್ಟ ಮನಸ್ಸಿನ ನಗುವಲ್ಲ. ಆದರೂ ಜಯಪ್ರಿಯಾಳಿಗೆ ಆ ನಗು ಮನೆಯ ತನಕ ಜೊತೆಗೇ ಬಂತು. ಅಂದಿನಿಂದ ಕನ್ನಡಿ ಕಂಡರೆ ಮುಖ ತಿರುಗಿಸತೊಡಗಿದಳು.

ಗೋಕಿಲಾಳೇ ದಾರಿ ಹೇಳಿದಳು. “ಕೋಯಮುತ್ತೂರ್‌ನಲ್ಲಿ ಒಂದು ಬ್ಯೂಟಿ ಸೆಂಟರ್ ಇದೆ. ಕತ್ತಿ ಇಲ್ಲ, ರಕ್ತ ಇಲ್ಲ. ಮೆಷಿನ್‌ನಲ್ಲಿ ಬಿಸಿ ಕೊಡ್ತಾರೆ, ತೊಗಲು ಬಿಗಿ ಆಗೋಗುತ್ತಂತೆ. ನಾನೂ ಹೋಗ್ಬೇಕಂತಿದೀನಿ.”

ಗೆಳತಿಯ ಮನೆಗೆ ಹೋಗುತ್ತೇನೆಂದು ತಾಯಿ ಪಾಪಾತಿಗೆ ಹೇಳಿ, ಜಯಪ್ರಿಯಾ ಒಬ್ಬಳೇ ಹೊರಟಳು. ಅಲ್ಲಿ ಡಾಕ್ಟರ್ ಇರಲಿಲ್ಲ. ಕಾಯಿಲೆ ಕಸಾಲೆ ಏನಾದರೂ ಇದೆಯೇ ಎಂದು ಕೇಳಿದವರೂ ಇಲ್ಲ. ತೊಡೆಗೆ ಮರಗಟ್ಟಿಸುವ ಕ್ರೀಮು ಹಚ್ಚಿ, ಮೇಲೆ ಮೆಷಿನ್ ಆಡಿಸಿದರು. ಅವಳಿಗೆ ಏನೂ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಕೂಗುತ್ತಿದ್ದಳು. ವಾಪಸು ಬರುವ ಬಸ್ಸಿನಲ್ಲಿ ಮರಗಟ್ಟಿದ್ದು ಇಳಿಯಿತು, ಉರಿ ಎದ್ದಿತು.

ಬೆಳಗಾಗುವಷ್ಟರಲ್ಲಿ ಗುಳ್ಳೆ ಬಂದಿತ್ತು. ಫೋನ್ ಮಾಡಿದರೆ ಆ ಸೆಂಟರಿನವರು, “ಹಂಗೇ ಆಗೋದು, ಬಿಸಿ ಕೆಲಸ ಮಾಡ್ತಿದೆ ಅಂತ ಅರ್ಥ” ಎಂದುಬಿಟ್ಟರು. ಅವಳು ಹಲ್ಲುಜ್ಜುವ ಪೇಸ್ಟ್ ಹಚ್ಚಿಕೊಂಡು ಬಟ್ಟೆ ಸುತ್ತಿದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾಕೆ ಹೋದೆ ಎಂದು ಕೇಳುತ್ತಾರಲ್ಲ! ಗುಳ್ಳೆ ಒಡೆಯಿತು. ಕೀವಾಯಿತು. ಜ್ವರ ಬಂತು. ಆದರೂ ಕೆಲಸಕ್ಕೆ ಹೋಗುತ್ತಲೇ ಇದ್ದಳು.

ಅವಳು ಕುಂಟುವುದನ್ನು ಕಂಡವಳು ಹಿನಾ. ಧಾರವಾಡದ ಹುಡುಗಿ, ಅದೇ ಕಂಪನಿಯಲ್ಲಿ ಆರ್ಡರ್ ನೋಡಿಕೊಳ್ಳುವವಳು. ಜಯಪ್ರಿಯಾಳ ಮನೆಮಾತು ಕನ್ನಡವೆಂದು ಹಿನಾಳಿಗೆ ಅವಳ ಮೇಲೆ ಮೊದಲಿನಿಂದ ಅಕ್ಕರೆ. ಒಳಗೆ ಕರೆದುಕೊಂಡು ಹೋಗಿ ಬಟ್ಟೆ ಬಿಚ್ಚಿಸಿದವಳು ಬಾಯಿಗೆ ಕೈ ಅಡ್ಡ ಹಿಡಿದಳು.

“ಇಷ್ಟು ದಿನ ಇದನ್ನ ಹೊತ್ಕೊಂಡು ತಿರುಗಿದೀಯಾ? ಮೈ ಕೆಂಡದ ಹಾಗೆ ಸುಡ್ತಿದೆ. ಈಗಲೇ ನಡಿ.”

“ಬೇಡ ಹಿನಾಕ್ಕಾ, ಅಮ್ಮಂಗೆ ತಿಳಿದ್ರೆ ಸತ್ತೇ ಹೋಗ್ತಾರೆ.”

ಹಿನಾ ಬಿಡಲಿಲ್ಲ. ಮನೆಗೇ ಕರೆದುಕೊಂಡು ಬಂದು ಎಲ್ಲ ಹೇಳಿದಳು. ಅಕ್ಕಪಕ್ಕದವರಿಗೆ ಕೇಳದಿರಲೆಂದು ಪಾಪಾತಿ ಬಾಗಿಲು ಹಾಕಿದಳು.

“ಆಸ್ಪತ್ರೆ ಬೇಡ ಕಣಮ್ಮಾ. ವಯಸ್ಸಿಗೆ ಬಂದ ಹುಡುಗಿ, ಅಲ್ಲಿ ಹೋಗಿ ತೊಡೆ ತೋರ್ಸೋದಾ? ಊರೆಲ್ಲಾ ಅಸಿಂಗ ಆಗೋಗುತ್ತೆ, ಮಾನ ಹೋಗುತ್ತೆ. ಅರಿಶಿನ ಇಟ್ರೆ ಆರುತ್ತೆ.”

“ಅಮ್ಮಾ, ಇದು ಅರಿಶಿನಕ್ಕೆ ಆರೋ ಗಾಯ ಅಲ್ಲ. ನಂಜು ರಕ್ತಕ್ಕೆ ಏರಿದ್ರೆ ಮಗಳೇ ಉಳಿಯಲ್ಲ. ಒಂದ್ಸಲ ನೀವೇ ನೋಡಿ.”

ಪಾಪಾತಿ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು.

ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರ್ ಶಿವಗಾಮಿ ಸತ್ತ ಮಾಂಸವನ್ನು ತೆಗೆಯಬೇಕಾಯಿತು. ಜಯಪ್ರಿಯಾಳ ಕೂಗು ಹೊರಗಿನ ಬೆಂಚಿನವರೆಗೂ ಕೇಳುತ್ತಿತ್ತು. ಪಾಪಾತಿ ಹಿನಾಳ ಕೈ ಹಿಡಿದು ಕೂತಿದ್ದಳು.

ಜ್ವರ ಇಳಿದ ಮೇಲೆ ಜಯಪ್ರಿಯಾ ಕೇಳಿದಳು, “ಡಾಕ್ಟ್ರಮ್ಮಾ, ಆ ಕುಳಿ ಹೋಗುತ್ತೆ ಅಂದಿದ್ದು ಸುಳ್ಳಾ?”

ಶಿವಗಾಮಿ ಮಂಚದ ಅಂಚಿನಲ್ಲಿ ಕೂತು ಹೇಳಿದರು. “ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹತ್ತಿ ಹಾಸಿಗೆಗೆ ಅಲ್ಲಲ್ಲಿ ದಾರ ಎಳೆದು ಕಟ್ಟಿದರೆ ಕುಳಿ ಬೀಳುತ್ತಲ್ಲ? ಚರ್ಮದ ಕೆಳಗೂ ಹಾಗೇ. ಎಳೆಗಳು ಚರ್ಮವನ್ನ ಒಳಕ್ಕೆ ಎಳೀತವೆ, ನಡುವೆ ಕೊಬ್ಬು ಉಬ್ಬುತ್ತೆ. ಇದಕ್ಕೆ ಸೆಲ್ಯುಲೈಟ್ ಅಂತೀವಿ. ಬಿಸಿ ಕೊಟ್ಟರೆ ಮೇಲಿನ ಚರ್ಮ ಸ್ವಲ್ಪ ಬಿಗಿಯಾಗಿ, ಕೆಲವರಿಗೆ ಕುಳಿ ಕಮ್ಮಿ ಆದ ಹಾಗೆ ಕಾಣುತ್ತೆ. ಆದರೆ ಕೆಳಗಿನ ಎಳೆ ಹಾಗೇ ಇರುತ್ತೆ. ಕೆಲವು ತಿಂಗಳಲ್ಲಿ ಮತ್ತೆ ಮೊದಲಿನಂತೆ.”

“ಇದೇನ್ ಕಾಯಿಲೆಯಾ ಡಾಕ್ಟ್ರಮ್ಮಾ?” ಪಾಪಾತಿ ಕೇಳಿದಳು.

“ಅಲ್ಲಮ್ಮ. ಹೆಚ್ಚಿನ ಹೆಂಗಸರಿಗೆ ಇರುತ್ತೆ, ಸಣ್ಣಗಿರೋರಿಗೂ. ನನಗೂ ಇದೆ.”

ಪಾಪಾತಿ ಮಗಳ ತಲೆ ಸವರಿ, “ನಂಗೂ ಇದೆ. ಮಗಳಿಗೆ ಒಂದ್ ದಿನಾನೂ ಹೇಳ್ಲಿಲ್ಲ ನಾನು” ಎಂದಳು.

ಗಾಯ ಆರಿತು. ಆದರೆ ತೊಡೆಯ ಮೇಲೆ ಅಂಗೈ ಅಗಲದ ಗಂಟುಗಟ್ಟಿದ ಕಪ್ಪು ಕಲೆ ಉಳಿಯಿತು. ಅದರ ಸುತ್ತ ಕುಳಿಗಳೂ ಇದ್ದ ಹಾಗೇ ಇದ್ದವು. ಕೆಲಸಕ್ಕೆ ಮರಳಿದಾಗ ಬಟ್ಟೆ ತೊಟ್ಟು ನೋಡಲು ಬೇರೆ ಹುಡುಗಿಯನ್ನು ಹಾಕಿದ್ದರು.

ಅಲ್ಲಿ ಗೋಕಿಲಾ ಮೆಲ್ಲಗೆ ಹೇಳಿದಳು, “ನಿಂಗೇನೋ ಕೆಟ್ಟ ಕಾಲ ಜಯಾ. ಎಲ್ಲಾರ್ಗೂ ಹಂಗೇ ಆಗುತ್ತಾ? ನಾನು ಈ ಭಾನುವಾರ ಹೋಗ್ತಿದೀನಿ.”

ಮತ್ತೆ ಯಾರ ಕಣ್ಣಿಗೂ ಆ ತೊಡೆ ಬೀಳಬಾರದೆಂದು ಜಯಪ್ರಿಯಾ ಅಂದುಕೊಂಡಿದ್ದಳು. ಆದರೂ ಗೋಕಿಲಾಳನ್ನು ಕೋಣೆಗೆ ಕರೆದು ಚಿಲಕ ಹಾಕಿದಳು. ಬಟ್ಟೆ ಸರಿಸಿದಳು. ಗೋಕಿಲಾ ನೋಡಿದವಳೇ ಗೋಡೆಗೆ ಒರಗಿ ಅಳತೊಡಗಿದಳು. ಆ ಭಾನುವಾರ ಅವಳು ಹೋಗಲಿಲ್ಲ. ಈಗ ಪಾಪಾತಿಯೂ, ಕೇಳಿದವರಿಗೆಲ್ಲ ಬಾಗಿಲು ತೆರೆದೇ ಮಗಳಿಗೆ ಆದದ್ದನ್ನು ಹೇಳುತ್ತಾಳೆ. ಜಯಪ್ರಿಯಾ ಮಾತ್ರ ಮೊದಲಿನಂತೆ ನಗುವುದಿಲ್ಲ.

ಇದನ್ನು ಕೇಳುತ್ತಿರುವ ಅಕ್ಕ ತಂಗಿಯರೇ, ತೊಡೆಯ ಕುಳಿ ರೋಗವಲ್ಲ, ನಾಚಿಕೆಯೂ ಅಲ್ಲ. ಅದನ್ನು ಬೇರುಸಹಿತ ತೆಗೆಯುವ ಬಿಸಿ ಮೆಷಿನ್ ಇಲ್ಲ. ಚಿಕಿತ್ಸೆ ಬೇಕೇ ಬೇಕೆಂದರೆ ಓದಿದ ಚರ್ಮದ ಡಾಕ್ಟರನ್ನೇ ಕಾಣಿ. ಬಸುರಿಯಾಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಮೈಯೊಳಗೆ ಪೇಸ್‌ಮೇಕರ್ ಅಥವಾ ಲೋಹದ ರಾಡ್ ಇದ್ದರೆ ಮೊದಲೇ ಹೇಳಿ. ಉರಿದರೆ ತಡೆದುಕೊಳ್ಳಬೇಡಿ, ನಿಲ್ಲಿಸಿ ಎನ್ನಿ. ಸುಟ್ಟರೆ ಹರಿಯುವ ತಣ್ಣೀರಿಗೆ ಹಿಡಿದು, ಅಂದೇ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಹೆಣ್ಣುಮಗಳಿದ್ದರೆ ಇವತ್ತೇ ಅವಳ ಪಕ್ಕ ಕೂತು ಹೇಳಿ: ನನಗೂ ಇದೆ, ಮಗಳೇ.