ಮಾವ ಬಾಯಿಪಾಠ ಮಾಡಿದ ರಸ್ತೆ

ಲಾಟ್ವಿಯಾದ ನಮ್ಮೂರು ತಾಲ್ಸಿಯ ಜಲ್ಲಿ ರಸ್ತೆಗಳಲ್ಲಿ ಕಾರು ಓಟದ ಯುರೋಪಿಯನ್ ಚಾಂಪಿಯನ್‌ಶಿಪ್‌ನ ರ‍್ಯಾಲಿ ನಡೆದ ಆ ಬೇಸಿಗೆಯಲ್ಲಿ ನನಗೆ ಮೂವತ್ತೆಂಟು, ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ ವಿಸ್ವಾಲ್ಡಿಸ್ ಮಾವನಿಗೆ ಅರವತ್ತೊಂದು. ಅವರು ನನ್ನ ಅಮ್ಮನ ತಮ್ಮ, ಜಮೀನು ಅಳೆಯುವ ಕೆಲಸದಿಂದ ನಿವೃತ್ತರಾದವರು. ನಾನು ಮರ ಕೊಯ್ಯುವ ಮಿಲ್ಲು ನಡೆಸುತ್ತೇನೆ. ವಾರವೆಲ್ಲ ಹಲಗೆ, ಧೂಳು. ವರ್ಷಕ್ಕೆ ನಾಲ್ಕೈದು ಸಲ ಹೆಲ್ಮೆಟ್ಟು, ಮತ್ತೆ ಧೂಳು. ಹನ್ನೊಂದು ವರ್ಷದಿಂದ ನಾನು ಓಡಿಸುತ್ತಿದ್ದೆ, ಮಾವ ಓದುತ್ತಿದ್ದರು.

ಈ ಓದುವ ಕೆಲಸ ಸಣ್ಣದಲ್ಲ. ಸ್ಪರ್ಧೆಗೆ ಮೊದಲು ಪ್ರತಿ ಹಂತದ ರಸ್ತೆಯಲ್ಲೂ ಎರಡು ಸಲ ನಿಧಾನವಾಗಿ ಹೋಗಿಬರಲು ಬಿಡುತ್ತಾರೆ. ಆಗ ನಾನು ತಿರುವುಗಳನ್ನು ಹೇಳುತ್ತೇನೆ, ಮಾವ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಒಂದು ಎಂದರೆ ತೀರಾ ಬಿಗಿಯಾದ ತಿರುವು, ಆರು ಎಂದರೆ ಆಕ್ಸಿಲರೇಟರಿನಿಂದ ಕಾಲೆತ್ತದೆ ಹೋಗಬಹುದಾದದ್ದು. ಸ್ಪರ್ಧೆಯ ದಿನ ದಿಬ್ಬದಾಚೆ ಏನಿದೆಯೆಂದು ನನಗೆ ಕಾಣುವುದಿಲ್ಲ. ಮಾವನ ಬಾಯಲ್ಲಿ ಬಂದದ್ದೇ ರಸ್ತೆ.

ಭಾನುವಾರ ಬೆಳಿಗ್ಗೆ ನಾವು ನಮ್ಮ ವರ್ಗದಲ್ಲಿ ಮೂರನೆಯವರಾಗಿದ್ದೆವು. ನಮ್ಮ ಹಿಂದೆ ಒಬ್ಬ ಪೋರ್ಚುಗಲ್‌ನವನು, ಇಬ್ಬರು ಫಿನ್‌ಲೆಂಡಿನವರು. ಸ್ವಂತ ಊರಿನಲ್ಲಿ ವೇದಿಕೆ ಹತ್ತುವ ಆಸೆ ನನಗೆ ಎಷ್ಟಿತ್ತೆಂದರೆ, ಉಳಿದದ್ದೇನೂ ನನ್ನ ಕಣ್ಣಿಗೆ ಬೀಳಲಿಲ್ಲ. ಮಾವ ಕೈಗೆ ಗಡಿಯಾರ ಕಟ್ಟಿಕೊಂಡೇ "ಟೈಮೆಷ್ಟೋ?" ಎಂದು ಮೂರು ಸಲ ಕೇಳಿದರು. ಮೂರು ಸಲವೂ ನಾನು ಹೇಳಿದೆ.

ಕೊನೆಯದಕ್ಕಿಂತ ಹಿಂದಿನ ಹಂತ. ಸ್ಪ್ರೂಸ್ ಕಾಡು ದಾಟಿ ಆಲೂಗಡ್ಡೆ ಹೊಲಗಳ ನಡುವೆ ರಸ್ತೆ ಮೇಲೇರುತ್ತದೆ. "ಬಲ ಐದು, ದಿಬ್ಬ, ನೇರ ಇನ್ನೂರು," ಎಂದರು ಮಾವ. ದಿಬ್ಬದಾಚೆ ಇನ್ನೂರು ಮೀಟರ್ ನೇರ ರಸ್ತೆ ಎಂದು ನಾನು ಕಾಲು ಪೂರ್ತಿ ಒತ್ತಿದೆ. ದಿಬ್ಬ ಹತ್ತಿ ಇಳಿಯುವಷ್ಟರಲ್ಲಿ ಎದುರಿಗೆ ಬಿಳಿ ಪ್ಲಾಸ್ಟಿಕ್ ಸುತ್ತಿದ ಹುಲ್ಲಿನ ಉರುಳೆಗಳು, ಕಾರುಗಳ ವೇಗ ತಗ್ಗಿಸಲು ರಸ್ತೆಗೆ ಅಡ್ಡವಾಗಿ ಇಟ್ಟಿದ್ದು. ಬ್ರೇಕ್ ಒತ್ತಿದರೂ ಕಾರು ಜಲ್ಲಿಯ ಮೇಲೆ ಜಾರುತ್ತಲೇ ಹೋಗಿ ಮೊದಲ ಉರುಳೆಗೆ ಬಡಿದು ಅಡ್ಡ ತಿರುಗಿ ನಿಂತಿತು. ಗಾಜಿನ ತುಂಬ ಹುಲ್ಲು. ಮತ್ತೆ ಸ್ಟಾರ್ಟ್ ಮಾಡಿ, ಹಿಂದೆ ತೆಗೆದು ಹೊರಡುವುದರಲ್ಲಿ ಮುಕ್ಕಾಲು ನಿಮಿಷ ಹೋಯಿತು.

ಹಂತ ಮುಗಿದ ಮೇಲೆ ಕಾರು ಬದಿಗೆ ನಿಲ್ಲಿಸಿದೆ. "ಬೆಳಿಗ್ಗೆ ಎಲ್ಲರಿಗೂ ರಸ್ತೆಯ ಹೊಸ ಬದಲಾವಣೆಗಳ ಹಾಳೆ ಕೊಟ್ರಲ್ಲ ಮಾವ, ಎಲ್ಲಿದೆ?"

ಮಾವ ಜೇಬಿನಿಂದ ತೆಗೆದುಕೊಟ್ಟರು. ನಾಲ್ಕು ಮಡಿಕೆ ಮಾಡಿದ್ದು ಮಾಡಿದ ಹಾಗೇ ಇತ್ತು. ಉರುಳೆಗಳ ಜಾಗ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅವರ ತೊಡೆಯ ಮೇಲಿದ್ದ ಪುಸ್ತಕ ನೋಡಿದೆ. ಅದು ಬೇರೊಂದು ಹಂತದ ಪುಟ, ಅದೂ ಗೆರೆಯ ಮೇಲೆ ಗೆರೆ ಬಿದ್ದು ಗೋಜಲಾಗಿತ್ತು.

"ಇದು ಯಾವ ಪುಟ?"

ಮಾವ ಕೆಳಗೆ ನೋಡಲೂ ಇಲ್ಲ. "ನಂಗೆ ಕಾಣ್ಸಲ್ಲ ಕಣೋ ಐನಿಸ್."

"ಯಾವಾಗಿಂದ?"

"ಮಾರ್ಚಿಂದ. ಎರಡು ಕಣ್ಣಿಗೂ ಪೊರೆ. ದೊಡ್ಡದಾಗಿದ್ರೆ ಗೊತ್ತಾಗತ್ತೆ. ಸಣ್ಣ ಅಕ್ಷರ ಎಲ್ಲಾ ಇರುವೆ ಥರ."

"ಮತ್ತೆ ಎರಡು ದಿನದಿಂದ ಏನ್ ಓದ್ತಿದ್ರಿ?"

"ಓದ್ಲಿಲ್ಲ. ನೀನು ತಿರುವು ಹೇಳಿದ್ದನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ದೆ. ಕೇಳಿ ಕೇಳಿ ಬಾಯಿಪಾಠ ಮಾಡಿದೆ."

ಹನ್ನೊಂದು ಹಂತ, ಸಾವಿರಕ್ಕೂ ಹೆಚ್ಚು ತಿರುವು. ಒಂದೂ ತಪ್ಪಿರಲಿಲ್ಲ. ಆದರೆ ಆಗ ನನಗೆ ಅದು ಹೊಳೆಯಲಿಲ್ಲ. "ಅಲ್ಲಿ ಹುಲ್ಲಿನ ಬದಲು ಜನ ನಿಂತಿದ್ರೆ?" ಎಂದೆ.

"ಅದನ್ನೇ ಯೋಚಿಸ್ತಾ ಇದೀನಿ," ಎಂದರು.

ಸರ್ವಿಸ್ ಜಾಗಕ್ಕೆ ಹದಿನೆಂಟು ಕಿಲೋಮೀಟರ್. ಹುಲ್ಲು ಕೊಯ್ದ ಬಯಲಿನಲ್ಲಿ ಕೊಕ್ಕರೆಗಳು ಟ್ರ್ಯಾಕ್ಟರಿನ ಹಿಂದೆ ನಡೆಯುತ್ತಿದ್ದವು.

ಕಾರಿನ ರಿಪೇರಿ ನೋಡಿಕೊಳ್ಳುವವಳು ನನ್ನ ಹೆಂಡತಿ ರಸ್ಮಾ. ಮುಂದಿನ ಬಂಪರಿಗೆ ಟೇಪು ಸುತ್ತುತ್ತಲೇ ಎಲ್ಲ ಕೇಳಿಸಿಕೊಂಡಳು. ನಾನು ಕೂಗಾಡುತ್ತಿದ್ದೆ.

"ನನಗೊಂದು ಮಾತು ಹೇಳ್ಬೇಕಿತ್ತು ತಾನೆ?"

"ಹೇಳಿದ್ರೆ ಬೇರೆಯವರನ್ನ ಕೂರಿಸ್ಕೊಳ್ತಿದ್ದೆ," ಎಂದರು ಮಾವ.

"ಈ ಒಂದು ಸಲ. ಮುಂದಿನ ವರ್ಷ ಮತ್ತೆ ನೀವೇ."

"ಮುಂದಿನ ವರ್ಷ ಅಂತ ಸಲೀಸಾಗಿ ಹೇಳೋಕೆ ಮೂವತ್ತೆಂಟು ಆಗಿರ್ಬೇಕು ಕಣೋ."

ರಸ್ಮಾ ಟೇಪು ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ನೀನೇನ್ ಕಡಿಮೆ? ಪಕ್ಕದಲ್ಲಿ ಕೂತೋರಿಗೆ ಗಡಿಯಾರ ಕಾಣ್ತಿಲ್ಲ ಅನ್ನೋದು ನಿಂಗೆ ಕಾಣ್ಲಿಲ್ವಲ್ಲ. ಪೊರೆ ಯಾರಿಗೆ ಬಂದಿದೆ ಅಂತ ನನಗೇ ಅನುಮಾನ."

ಮಾವ ಹೆಲ್ಮೆಟ್ಟು ಮೇಜಿನ ಮೇಲಿಟ್ಟು, "ನಾನ್ ಇಳೀತೀನಿ," ಎಂದರು. ನಡುವೆ ಒಬ್ಬರು ಇಳಿದರೆ ಇಬ್ಬರೂ ಹೊರಗೆ, ಅದು ನಿಯಮ. ನಾನು ಸರಿ ಎನ್ನಬೇಕೆಂದುಕೊಂಡೆ. ಮೇಜಿನ ಮೇಲೆ ಬೀಟ್‌ರೂಟಿನ ತಣ್ಣನೆ ಸೂಪು ಹಾಗೇ ಇತ್ತು. ಮಾವ ಚಮಚಕ್ಕಾಗಿ ಮೇಜನ್ನು ತಡವಿದರು. ಅದು ಅವರ ಬಟ್ಟಲಿನ ಪಕ್ಕದಲ್ಲೇ ಇತ್ತು. ನಾನು ಎತ್ತಿ ಅವರ ಕೈಗಿಟ್ಟೆ.

"ಎಷ್ಟು ಸಮಯ ಇದೆ?" ಎಂದು ರಸ್ಮಾಳನ್ನು ಕೇಳಿದೆ.

"ಮೂವತ್ತನಾಲ್ಕು ನಿಮಿಷ."

ಅವಳು ರೆಕಾರ್ಡಿಂಗ್ ಇದ್ದ ಮಾವನ ಫೋನನ್ನು ಕಿವಿಗೆ ಹಚ್ಚಿಕೊಂಡು ಕೊನೆಯ ಹಂತವನ್ನು ದಪ್ಪ ಕಪ್ಪು ಪೆನ್ನಿನಲ್ಲಿ, ಪುಟಕ್ಕೆ ಐದೇ ಸಾಲಿನಂತೆ ಬರೆದಳು. ಬೆಳಗಿನ ಹಾಳೆಯ ಬದಲಾವಣೆಗಳನ್ನೂ ಸೇರಿಸಿದಳು. ಮಾವ ಪಕ್ಕದಲ್ಲಿ ಕೂತು, ಅವಳು ಬರೆಯುವ ಮೊದಲೇ ಮುಂದಿನ ತಿರುವು ಹೇಳುತ್ತಿದ್ದರು. "ಸ್ವಲ್ಪ ತಡೀರಿ ಮಾವ, ಕೈ ನೋಯ್ತಿದೆ," ಎಂದಳು.

ಆ ಹಂತವನ್ನು ನಾನು ಹಾಲಿನ ಗಾಡಿ ಓಡಿಸಿದ ಹಾಗೆ ಓಡಿಸಿದೆ. ಮಾವ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಒಂದೊಂದೇ ಓದಿದರು. ಪೋರ್ಚುಗಲ್‌ನವನೂ ಫಿನ್‌ಲೆಂಡಿನವರೂ ನಮ್ಮನ್ನು ಹಿಂದೆ ಹಾಕಿದರು. ಕೊನೆಗೆ ನಾವು ಆರನೆಯವರು.

ಕಾರು ಒಪ್ಪಿಸಿದ ಮೇಲೆ ಮಾವ ಕಾಣಲಿಲ್ಲ. ರಸ್ಮಾ ಹುಡುಕಿಕೊಂಡು ಹೋದರೆ ಅಧಿಕಾರಿಗಳ ಕೊಠಡಿಯಲ್ಲಿದ್ದರು. ಯಾರೂ ಕೇಳದಿದ್ದರೂ ತಾವಾಗಿಯೇ ಎಲ್ಲ ಹೇಳಿ ಸ್ಪರ್ಧೆಯ ಲೈಸೆನ್ಸು ಮೇಜಿನ ಮೇಲೆ ಇಟ್ಟಿದ್ದರು. ಅಧಿಕಾರಿಗಳು ನನ್ನನ್ನೂ ಕರೆಸಿದರು. ಗೊತ್ತಾದ ಮೇಲೂ ಓಡಿಸಿದ್ದಕ್ಕೆ ಚೆನ್ನಾಗಿ ಬೈದರು, ನಮ್ಮ ಹೆಸರನ್ನು ಫಲಿತಾಂಶದಿಂದ ತೆಗೆದರು. ಅದು ನ್ಯಾಯವಾಗಿಯೇ ಇತ್ತು. ಆದರೂ ಎರಡು ದಿನ ನಾನು ಮಾವನ ಮನೆ ಕಡೆ ಹೋಗಲಿಲ್ಲ. ಮೂರನೆಯ ದಿನ ಹೋಗಿ, ರೀಗಾದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಅಕ್ಟೋಬರಿನಲ್ಲಿ ಒಂದು ಕಣ್ಣಿನ ಆಪರೇಷನ್, ಡಿಸೆಂಬರಿನಲ್ಲಿ ಇನ್ನೊಂದರದು. ಪಟ್ಟಿ ಬಿಚ್ಚಿದ ದಿನ ಮಾವ ನನ್ನನ್ನೇ ನೋಡಿ, "ನಿನ್ನ ತಲೆ ಯಾವಾಗ ಬೆಳ್ಳಗಾಯ್ತೋ?" ಎಂದರು.

"ನಿಮ್ಮ ಪಕ್ಕ ಕೂತು ಕೂತು."

ವೈದ್ಯರ ಪರೀಕ್ಷೆ ಮುಗಿಸಿ, ಲೈಸೆನ್ಸು ಮರಳಿ ಪಡೆದು, ಮೇ ತಿಂಗಳಿನಲ್ಲಿ ಒಂದು ಸಣ್ಣ ರ‍್ಯಾಲಿಗೆ ಇಬ್ಬರೂ ಮತ್ತೆ ಕೂತೆವು. ಹೊರಡುವ ಸಾಲಿನಲ್ಲಿ ಮಾವನ ಬಾಯಿ ಸುಮ್ಮನಿರಲಿಲ್ಲ. ಎದುರಿನ ಬೋರ್ಡು, ಮುಂದಿನ ಕಾರಿನ ನಂಬರು, ನನ್ನ ನೀರಿನ ಬಾಟಲಿಯ ಮೇಲಿನ ಸಣ್ಣ ಅಕ್ಷರ, ಕಣ್ಣಿಗೆ ಬಿದ್ದದ್ದನ್ನೆಲ್ಲ ಜೋರಾಗಿ ಓದುತ್ತಿದ್ದರು.

"ಮಾವ, ಶುರುವಾಗ್ತಿದೆ. ಸುಮ್ನಿರಿ."

"ಕಾಣ್ತಾ ಇದೆ," ಎಂದರು, ಹೊರಡುವ ಗೆರೆಯ ಗಡಿಯಾರದ ಅಂಕಿ ನೋಡುತ್ತ. "ಐದು. ನಾಲ್ಕು. ಮೂರು."