ಬೆರಳಿನ ತಗ್ಗು

ಓಬಣ್ಣ ಭಾವನ ತಣ್ಣಗಾದ ಬೆರಳಿಗೆ ಕೊಬ್ಬರಿ ಎಣ್ಣೆ ಸವರಿ ಉಂಗುರ ತಿರುಗಿಸುತ್ತಿದ್ದ. ಮಣ್ಣಿಗೆ ಒಯ್ಯುವ ಮುಂಚೆ ಬಾಯಿಗೆ ಚೂರು ಬಂಗಾರ ಇಡಬೇಕು. ಅಕ್ಕ ಗಾದ್ರಮ್ಮನ ಕೊರಳಲ್ಲಿ ಅರಿಶಿನದ ಕೊಂಬು ಕಟ್ಟಿದ ದಾರವಷ್ಟೇ. ಮನೆಯಲ್ಲಿದ್ದ ಬಂಗಾರವೆಂದರೆ ಈ ಉಂಗುರ ಒಂದೇ.

"ಬರ್ತಿಲ್ಲಕ್ಕಾ. ಬೆರಳು ಬಾತೈತೆ."

ಸತ್ತ ಬಂಗಾರಪ್ಪ ಹೊನ್ನಾಳಿಯ ಒಡವೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಬಾಳೆಲ್ಲ ಕರೆಂಟ್ ಪಾಲಿಶ್ ಹಾಕಿದವನು. ಆಸಿಡ್ ನೀರಿಗೆ ಗಂಧಕ ಕೂಡಿದ ಬಿಳಿ ಪುಡಿ ಕಲಸಿ, ಒಡವೆಯನ್ನು ತಂತಿಗೆ ಕಟ್ಟಿ ಇಳಿಬಿಟ್ಟು ಕರೆಂಟು ಕೊಟ್ಟರೆ, ಮೇಲಿನ ಪದರ ತುಸು ಕರಗಿ ಹೊಳಪು ಏಳುತ್ತದೆ. ಕರಗಿದ್ದು ಎಲ್ಲಿ ಹೋಯಿತು ಎಂಬುದೇ ಜನರ ಅನುಮಾನ. ಆ ನೀರು ಅಂಗಡಿ ಮಾಲೀಕನ ಮನೆಗೆ ಹೋಗುತ್ತಿತ್ತು, ಅವನನ್ನು ಯಾರೂ ಕೇಳಲಿಲ್ಲ. ಇವತ್ತು ಅವನು ಬಂದಿರಲಿಲ್ಲ, ಒಂದು ಹಾರ ಕಳಿಸಿದ್ದ.

ಚನ್ನಗಿರಿಯ ಅಡಿಕೆ ವ್ಯಾಪಾರಿ ಮಹೇಶ್ವರಪ್ಪ ಮಾತ್ರ ಹೆಂಡತಿ ದ್ಯಾಮಮ್ಮನ ಜತೆ ಬಂದಿದ್ದರು. ಪಾಲಿಶಿಗೆ ಕೊಟ್ಟ ಅವಳ ಸರ ತೂಕ ಕಳಕೊಂಡು ಬಂತೆಂದು ಮಂಡಿಯಲ್ಲೆಲ್ಲ ಹೇಳಿಕೊಂಡು ತಿರುಗಿದವರು ಅವರೇ. ಈಗ ಅವರ ಕಣ್ಣು ಹೆಣ ಬಿಟ್ಟು ಒಳಗಿನ ಟ್ರಂಕಿನ ಮೇಲಿತ್ತು.

"ಅದು ಯಾರ ಬಂಗಾರ ಅಂತ ನೋಡಿ ಬಾಯಿಗೆ ಇಡ್ರಿ," ಅಂದರು.

ಓಬಣ್ಣ ಸಿಟ್ಟಿನಿಂದ ಅಕ್ಕನ ಮುಖ ನೋಡಿದ. ಗಾದ್ರಮ್ಮ ಗಂಡನ ಬೆರಳನ್ನೇ ನೋಡುತ್ತಿದ್ದಳು. ಅವಳಿಗೂ ಅನುಮಾನ ಇತ್ತು, ಅದು ಬೇರೆ ತರದ್ದು.

*

ಜಗಳೂರಿನಲ್ಲಿ ಮದುವೆಯಾದಾಗ ಅವಳಪ್ಪ ಕುರಿ ಮಾರಿ ಅಳಿಯನಿಗೆ ಹಾಕಿಸಿದ ಉಂಗುರ ದಪ್ಪಗೆ, ಅಗಲವಾಗಿತ್ತು. ಬರುಬರುತ್ತ ಅದು ಸಣ್ಣಗಾಯಿತು.

"ಯಾರಿಗೆ ಕೆರೆದು ಕೊಡ್ತೀರಿ ಇದನ್ನ?" ಅಂತ ಒಮ್ಮೆ ಕೇಳೇಬಿಟ್ಟಳು.

ಕೆಲಸದಾಗೆ ಸವೀತೈತೆ ಅಂದು ಬಂಗಾರಪ್ಪ ಊಟಕ್ಕೆ ಕೂತ. ಅವತ್ತಿನಿಂದ ಅವನು ಏನೋ ಕೆಲಸವೆಂದು ನ್ಯಾಮತಿ ಬಸ್ಸು ಹತ್ತಿದಾಗಲೆಲ್ಲ, ಅಲ್ಲಿ ಯಾವಳೋ ಇದ್ದಾಳೆಂಬ ಅವಳ ಅನುಮಾನವೂ ಜತೆಗೆ ಹತ್ತುತ್ತಿತ್ತು.

*

ಹೆಂಗಸರ ನಡುವೆ ಕೂತಿದ್ದ ದ್ಯಾಮಮ್ಮ ಸೆರಗು ಸರಿಮಾಡಿಕೊಂಡಳು.

"ಅದು ಅವರದೇ ಬಂಗಾರ. ನಾನು ಕಣ್ಣಾರೆ ನೋಡೀನಿ."

ಸರ ಕೊಟ್ಟ ದಿನ ಅವಳು ಅಲ್ಲೇ ಕಾದು ಕೂತಿದ್ದಳಂತೆ. ಬಂಗಾರಪ್ಪ ಸರ ಮುಟ್ಟುವ ಮೊದಲು ತನ್ನ ಉಂಗುರ ಬಿಚ್ಚಿ ತಂತಿಗೆ ಕಟ್ಟಿ ನೀರಿಗೆ ಬಿಟ್ಟ. ಅದು ಮಂಕಾಗಿ ಮೇಲೆ ಬಂತು. ಆ ನೀರನ್ನು ಮಾಲೀಕನ ಡಬ್ಬಕ್ಕೆ ಸುರಿದು ಹೊಸದು ಕಲಸಿ, ತಿರುಗಿ ಉಂಗುರವನ್ನೇ ಬಿಟ್ಟ. ಅದು ಹೊಳೆದ ಮೇಲೆಯೇ ಸರ ಇಳಿಸಿದ್ದು.

"ನೀರು ಕೆಟ್ಟಿದ್ರೆ ಗಂಧಕ ಬಂಗಾರಕ್ಕೆ ಅಂಟ್ಕಂತೈತೆ ತಾಯಿ, ಕೆಟ್ರೆ ನಂದೇ ಕೆಡ್ಲಿ ಅಂದ್ರು. ದಿನಾ ಹಿಂಗೇನಾ ಅಂದೆ. ದಿನಾ ಅಂದ್ರು."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀನು?" ಅಂದರು ಮಹೇಶ್ವರಪ್ಪ.

"ನೀವು ಕೇಳಿದ್ದು ತೂಕ ಒಂದನ್ನೇ ಅಲ್ವೇನ್ರೀ."

ಮಹೇಶ್ವರಪ್ಪ ಮತ್ತೆ ಟ್ರಂಕಿನ ಕಡೆ ನೋಡಲಿಲ್ಲ.

ಗಾದ್ರಮ್ಮ ತಮ್ಮನನ್ನು ಸರಿಸಿ ತಾನೇ ಉಂಗುರಕ್ಕೆ ಕೈ ಹಾಕಿದಳು. ಮೆಲ್ಲಗೆ ಎಳೆಯುತ್ತಲೇ ಅದು ದಾರದ ಹಾಗೆ ತುಂಡಾಯಿತು. ಒಂದು ಚೂರನ್ನು ಗಂಡನ ನಾಲಿಗೆಯ ಮೇಲಿಟ್ಟಳು. ಉಳಿದದ್ದನ್ನು ನೋಡಲೆಂದು ಮಹೇಶ್ವರಪ್ಪ ಚಾಚಿದ ಕೈಯನ್ನು ಅರ್ಧಕ್ಕೇ ಹಿಂದಕ್ಕೆಳೆದುಕೊಂಡರು.

ಹೊರಗೆ ಚಟ್ಟ ಸಿದ್ಧವಾಯಿತು, ಕರೆದರು. ಗಾದ್ರಮ್ಮ ಏಳಲಿಲ್ಲ. ಬಂಗಾರಪ್ಪನ ಬೆರಳಲ್ಲಿ ಮದುವೆಯ ದಿನದ ಉಂಗುರದಷ್ಟೇ ಅಗಲದ ತಗ್ಗು ಉಳಿದಿತ್ತು. ಅವಳ ಹೆಬ್ಬೆರಳು ಆ ತಗ್ಗಿನಲ್ಲಿ ಕೂತಿತ್ತು.